ಕಾಂಕ್ರೀಟು ಸುರಿಯುವ ಮುನ್ನಾದಿನ

ಮುಂಬಯಿಯ ಉಪನಗರಗಳಲ್ಲಿ ಮೂವತ್ತು ನಲವತ್ತು ವರ್ಷ ಹಳೆಯದಾದ ಕಟ್ಟಡಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೆ ಈ ದೃಶ್ಯ ಹೊಸದೇನೂ ಅಲ್ಲ. ಅಡುಗೆಮನೆಯ ಅಥವಾ ಬಚ್ಚಲಿನ ಚಾವಣಿಯಲ್ಲಿ ಮೊದಲು ಕೂದಲೆಳೆಯಂಥ ಬಿರುಕೊಂದು ಮೂಡುತ್ತದೆ. ಅದು ಅಡ್ಡಾದಿಡ್ಡಿಯಾಗಿ ಓಡದೆ, ಗೆರೆ ಎಳೆದಂತೆ ನೇರವಾಗಿ ಸಾಗುತ್ತದೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿ ಕಂದು ಕಲೆ ಹರಡುತ್ತದೆ. ಕೊನೆಗೊಂದು ದಿನ ಅಂಗೈಯಗಲದ ಚಕ್ಕೆ ಕಳಚಿ ಕೆಳಗೆ ಬೀಳುತ್ತದೆ. ತಲೆಯೆತ್ತಿ ನೋಡಿದರೆ, ತುಕ್ಕು ಹಿಡಿದು ಪದರುಪದರಾಗಿ ಎದ್ದ ಕಬ್ಬಿಣದ ಕಂಬಿ. ಮನೆಯವರು ಗಾರೆ ಮೆತ್ತಿಸಿ, ಬಣ್ಣ ಬಳಿಸಿ, ಸಮುದ್ರದ ಗಾಳಿಯನ್ನು ದೂರಿ ಸುಮ್ಮನಾಗುತ್ತಾರೆ. ಸಮುದ್ರದ ಗಾಳಿಯ ಪಾಲು ಇಲ್ಲವೆಂದಲ್ಲ. ಆದರೆ ಈ ರೋಗದ ಬೀಜ ಬಿದ್ದದ್ದು ಬಹುಮಟ್ಟಿಗೆ ಆ ಚಾವಣಿಗೆ ಕಾಂಕ್ರೀಟು ಸುರಿದ ದಿನ. ಇನ್ನೂ ಸರಿಯಾಗಿ ಹೇಳುವುದಾದರೆ, ಅದರ ಹಿಂದಿನ ದಿನ ಯಾರೂ ಬಗ್ಗಿ ನೋಡದೆ ಹೋದಾಗ.

ಇಂದು ಆ ಹಳೆಯ ಕಟ್ಟಡಗಳೆಲ್ಲ ಒಂದೊಂದಾಗಿ ಪುನರ್ನಿರ್ಮಾಣಕ್ಕೆ ಇಳಿಯುತ್ತಿವೆ. ಗೃಹನಿರ್ಮಾಣ ಸಹಕಾರಿ ಸಂಘಗಳ ಸಮಿತಿಗಳಲ್ಲಿ ಬ್ಯಾಂಕಿನಿಂದ, ರೈಲ್ವೆಯಿಂದ, ಶಾಲೆಯಿಂದ ನಿವೃತ್ತರಾದ ಹಿರಿಯರು ಕುಳಿತಿದ್ದಾರೆ. ಇನ್ನು ಕೆಲವರು ಊರಿನಲ್ಲೊಂದು ಮನೆ ಕಟ್ಟಿಸುತ್ತ, ವರ್ಷಕ್ಕೆರಡು ಬಾರಿ ರಜೆ ಹಾಕಿ ಹೋಗಿ ಬರುತ್ತಾರೆ. ಒಪ್ಪಂದಪತ್ರವನ್ನು ವಕೀಲರಿಂದ ಓದಿಸಿ, ಚದರಡಿಯ ಲೆಕ್ಕವನ್ನು ಮೂರು ಬಾರಿ ಕೂಡಿಸಿ ನೋಡುವ ಇವರು ಸ್ಲ್ಯಾಬು ಹಾಕುವ ದಿನ ಮಾತ್ರ ತೆಂಗಿನಕಾಯಿ ಮತ್ತು ಪೇಢೆಯ ಪೊಟ್ಟಣದೊಡನೆ ಬಂದು, ಛಾಯಾಚಿತ್ರ ತೆಗೆಸಿಕೊಂಡು ಹಿಂತಿರುಗುತ್ತಾರೆ. ‘ಅದು ಎಂಜಿನಿಯರರ ಕೆಲಸ’ ಎಂಬುದು ಅವರ ಉತ್ತರ. ಮಾತು ನಿಜವೇ. ಆದರೆ ರೋಗಿಯ ಕಡೆಯವರು ಶಸ್ತ್ರಕ್ರಿಯೆ ಮಾಡದಿದ್ದರೂ ರಕ್ತದ ಗುಂಪು ನೋಡಿದಿರಾ ಎಂದು ಕೇಳುವುದುಂಟಲ್ಲವೆ? ಗೋಡೆ ಸೊಟ್ಟಗಿದ್ದರೆ ಕೆಡವಬಹುದು, ನೆಲಹಾಸು ಕೆಟ್ಟರೆ ಕಿತ್ತು ಹಾಕಬಹುದು. ಕಾಂಕ್ರೀಟಾದರೋ ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗಿ, ತನ್ನೊಳಗಿನ ತಪ್ಪುಗಳನ್ನೆಲ್ಲ ನುಂಗಿಕೊಂಡು ನುಣ್ಣಗೆ ಕಾಣುತ್ತದೆ. ಆದುದರಿಂದ ಕಣ್ಣಿಗೆ ಎಲ್ಲವೂ ಕಾಣುವ ಕೊನೆಯ ದಿನ ಮುನ್ನಾದಿನವೇ.

ಮೊದಲು ಚಕ್ಕೆ ಬೀಳುವ ಕಾರಣವನ್ನೇ ನೋಡಬಹುದು. ಕಾಂಕ್ರೀಟು ಸ್ವಭಾವತಃ ತೀವ್ರ ಕ್ಷಾರಗುಣವುಳ್ಳದ್ದು. ಆ ಕ್ಷಾರದ ನಡುವೆ ಇರುವ ಉಕ್ಕಿನ ಮೇಲೆ ಅತಿ ತೆಳುವಾದ ರಕ್ಷಾಪೊರೆಯೊಂದು ಏರ್ಪಟ್ಟು, ತುಕ್ಕನ್ನು ತಡೆಯುತ್ತದೆ. ಆದರೆ ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡು ವರ್ಷವರ್ಷವೂ ಸ್ವಲ್ಪಸ್ವಲ್ಪವಾಗಿ ಒಳಹೊಕ್ಕು ಈ ಕ್ಷಾರವನ್ನು ಕುಂದಿಸುತ್ತದೆ. ಕಡಲ ಗಾಳಿಯ ಉಪ್ಪು ಆ ಪೊರೆಯನ್ನೇ ನೇರವಾಗಿ ಭೇದಿಸುತ್ತದೆ. ಪೊರೆ ಹರಿದೊಡನೆ ತುಕ್ಕು. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಗಿಲಾದ ಜಾಗವನ್ನು ಬೇಡುವುದರಿಂದ, ಅದು ಒಳಗಿನಿಂದಲೇ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಬಿರುಕು ಕಂಬಿಯ ಜಾಡಿನಲ್ಲೇ ನೇರವಾಗಿ ಮೂಡುವುದು ಈ ಕಾರಣದಿಂದ.

ಕಂಬಿಗೂ ಹೊರಗಿನ ಗಾಳಿಗೂ ನಡುವೆ ಇರುವ ಕಾಂಕ್ರೀಟಿನ ಹೊದಿಕೆಯೇ ಇಲ್ಲಿ ಕಾವಲುಗಾರ. ಇದಕ್ಕೆ ಕೆಲಸದ ಭಾಷೆಯಲ್ಲಿ ಕವರ್ ಎಂದು ಹೆಸರು. ಇಂಗಾಲದ ಡೈ ಆಕ್ಸೈಡು ಒಳಸೇರುವ ಆಳ ಕಾಲದ ವರ್ಗಮೂಲಕ್ಕೆ ಅನುಗುಣವಾಗಿ ಬೆಳೆಯುತ್ತದೆಂಬುದು ಗೊತ್ತಾದ ಸಂಗತಿ. ಸಾಮಾನ್ಯ ಭಾಷೆಯಲ್ಲಿ ಇದರ ಅರ್ಥವಿಷ್ಟು: 20 ಮಿ.ಮೀ. ಹೊದಿಕೆಯನ್ನು ದಾಟಲು ಅದಕ್ಕೆ 40 ವರ್ಷ ಬೇಕಾದರೆ, 10 ಮಿ.ಮೀ. ದಾಟಲು 20 ವರ್ಷವಲ್ಲ, ಕೇವಲ 10 ವರ್ಷ ಸಾಕು. ಹೊದಿಕೆ ಅರ್ಧವಾದರೆ ಆಯುಷ್ಯ ಕಾಲುಭಾಗ. ಬೆರಳಿನ ಅರ್ಧದಷ್ಟು ದಪ್ಪದ ಅಜಾಗರೂಕತೆ ಒಂದು ತಲೆಮಾರಿನ ವಾಸವನ್ನು ಕಸಿಯಬಲ್ಲದು.

ಐ.ಎಸ್. 456 ಎಂಬ ಭಾರತೀಯ ಸಂಹಿತೆ 2000ನೆಯ ಇಸವಿಯ ತನ್ನ ಆವೃತ್ತಿಯಲ್ಲಿ ವಾತಾವರಣವನ್ನು ಐದು ದರ್ಜೆಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಹೊದಿಕೆಯ ಅಳತೆಯನ್ನು ವಿಧಿಸಿತು. ಸೌಮ್ಯ ವಾತಾವರಣಕ್ಕೆ 20 ಮಿ.ಮೀ., ಮಧ್ಯಮಕ್ಕೆ 30, ತೀವ್ರಕ್ಕೆ 45. ಕಡಲ ತೀರದ ಊರಿನಲ್ಲಿದ್ದರೂ ಉಪ್ಪುಗಾಳಿಯಿಂದ ಮರೆಯಾದ ಭಾಗಗಳು ಮಧ್ಯಮ ದರ್ಜೆಗೂ, ಆ ಗಾಳಿಗೆ ಒಡ್ಡಿಕೊಂಡ ಭಾಗಗಳು ತೀವ್ರ ದರ್ಜೆಗೂ ಸೇರುತ್ತವೆ. ಹೀಗಿರುವಾಗ ಧಾರವಾಡದ ಅಥವಾ ಪುಣೆಯ ಮನೆಯ ನಕ್ಷೆಯಲ್ಲಿದ್ದ 20 ಮಿ.ಮೀ. ಅಳತೆಯನ್ನೇ ಮುಂಬಯಿಯ ಅಥವಾ ಚೆನ್ನೈಯ ಬಾಲ್ಕನಿಗೂ ನಕಲು ಮಾಡುವುದು ತಪ್ಪು. ಮುನ್ನಾದಿನ ಸಮಿತಿಯವರು ಕೇಳಬೇಕಾದ ಮೊದಲ ಪ್ರಶ್ನೆ ಇದು: ಈ ಕಟ್ಟಡವನ್ನು ಯಾವ ದರ್ಜೆಗೆ ಸೇರಿಸಿ ನಕ್ಷೆ ಮಾಡಲಾಗಿದೆ?

ಉತ್ತರ ದೊರೆತ ಮೇಲೆ ಒಂದು ಅಳತೆಪಟ್ಟಿ ಹಿಡಿದು ಬಗ್ಗಿ ನೋಡಿದರೆ ಸಾಕು. ಸೆಂಟ್ರಿಂಗಿನ ಹಲಗೆಗೂ ಕಂಬಿಗೂ ನಡುವೆ ಅಷ್ಟು ದಪ್ಪದ ಕವರ್ ಬ್ಲಾಕುಗಳು ಸುಮಾರು ಒಂದೊಂದು ಮೀಟರಿಗೆ ಇರಬೇಕು. ಅವು ಕಂಬಿಗೆ ಕಟ್ಟಲ್ಪಟ್ಟಿರಬೇಕು. ಎಷ್ಟೋ ಕಡೆ ಬ್ಲಾಕಿನ ಬದಲು ಜಲ್ಲಿಯ ಚೂರನ್ನೋ ಒಡೆದ ಟೈಲನ್ನೋ ತುರುಕಿರುತ್ತಾರೆ. ಮೊದಲ ತುಳಿತಕ್ಕೇ ಜಲ್ಲಿ ಜಾರುತ್ತದೆ, ಕಂಬಿ ಹಲಗೆಗೆ ಮುತ್ತಿಕ್ಕುತ್ತದೆ. ಇಂಥ ಚಾವಣಿಯ ಹಲಗೆ ಬಿಚ್ಚಿದಾಗ ಕೆಳಗಿನಿಂದಲೇ ಕಂಬಿಯ ಗೆರೆಗಳು ಎಣಿಸಲು ಬರುತ್ತವೆ. ಆಮೇಲೆ ಗಾರೆ ಬಳಿದು ಅದನ್ನು ಮರೆಸುವುದು ವಾಡಿಕೆ.

ಹೊದಿಕೆಗಿಂತಲೂ ಹೆಚ್ಚು ಅಪಾಯದ ತಪ್ಪೊಂದಿದೆ. ಅದು ಬಾಲ್ಕನಿಯದು. ಎರಡು ಗೋಡೆಗಳ ನಡುವೆ ಹಾಸಿದ ಚಪ್ಪಡಿ ಭಾರ ಬಿದ್ದಾಗ ಕೆಳಕ್ಕೆ ಜಗ್ಗುತ್ತದೆ. ಅದರ ಕೆಳಮೈ ಹಿಗ್ಗುತ್ತದೆ. ಹಿಗ್ಗುವ ಕಡೆ ಉಕ್ಕು ಬೇಕು, ಏಕೆಂದರೆ ಕಾಂಕ್ರೀಟು ಒತ್ತಡವನ್ನು ತಾಳಬಲ್ಲದೇ ಹೊರತು ಎಳೆತವನ್ನಲ್ಲ. ಗೋಡೆಯಿಂದ ಹೊರಚಾಚಿದ ಬಾಲ್ಕನಿ ಅಥವಾ ಛಜ್ಜದಲ್ಲಿ ಇದು ತಲೆಕೆಳಗು. ಚಾಚಿದ ಕೈಯ ಮೇಲೆ ಭಾರವಿಟ್ಟರೆ ಹೇಗೋ ಹಾಗೆ, ಅದರ ಮೇಲ್ಮೈ ಹಿಗ್ಗುತ್ತದೆ. ಮುಖ್ಯ ಕಂಬಿಗಳು ಮೇಲ್ಗಡೆಯೇ ಇರಬೇಕು. ಈಗ ಒಂದು ಸಣ್ಣ ಲೆಕ್ಕ. ಬಾಲ್ಕನಿಯ ದಪ್ಪ 125 ಮಿ.ಮೀ., ಮೇಲಿನ ಹೊದಿಕೆ 30, ಕಂಬಿ 10 ಮಿ.ಮೀ. ಎಂದಿಟ್ಟುಕೊಂಡರೆ, ಕೆಳಮೈಯಿಂದ ಕಂಬಿಯ ನಡುವಿಗೆ 90 ಮಿ.ಮೀ. ದೂರ. ಬಾಲ್ಕನಿಯ ಶಕ್ತಿಯೆಲ್ಲ ಈ ದೂರವನ್ನು ಅವಲಂಬಿಸಿದೆ. ಕಾಂಕ್ರೀಟು ಹರಡುವವರ ಕಾಲ್ತುಳಿತಕ್ಕೆ ಕಂಬಿ 40 ಮಿ.ಮೀ. ಕೆಳಗಿಳಿಯಿತೆನ್ನೋಣ, ಉಳಿದದ್ದು 50. ಕಂಬಿಯ ಸಂಖ್ಯೆ ಅಷ್ಟೇ, ಸಿಮೆಂಟು ಅಷ್ಟೇ, ಖರ್ಚೂ ಅಷ್ಟೇ. ಶಕ್ತಿ ಮಾತ್ರ ಅರ್ಧಕ್ಕಿಂತ ಸ್ವಲ್ಪ ಮೇಲೆ. ಪೂರ್ತಿ ತಳಕ್ಕೇ ಇಳಿದಿದ್ದರೆ ಆ ಬಾಲ್ಕನಿಯನ್ನು ಹಿಡಿದು ನಿಲ್ಲಿಸಲು ಏನೂ ಇಲ್ಲವೆಂದೇ ಹೇಳಬೇಕು. ಇಂಥದ್ದು ಆಧಾರ ತೆಗೆದ ದಿನವೇ ಮುರಿದರೆ ಭಾಗ್ಯ. ಹತ್ತು ವರ್ಷದ ಮೇಲೆ, ಮೆರವಣಿಗೆ ನೋಡಲು ಮನೆಮಂದಿಯೆಲ್ಲ ನಿಂತಾಗ ಮುರಿದುಬಿದ್ದರೆ ಗತಿಯೇನು?

ಪರಿಹಾರ ಬಹಳ ಅಗ್ಗದ್ದು. ಮೇಲಿನ ಕಂಬಿಗಳನ್ನು ಎತ್ತಿ ಹಿಡಿಯಲು ಬಾಗಿಸಿದ ಕಂಬಿಯ ಕುರ್ಚಿಗಳನ್ನು ಸಾಕಷ್ಟು ಸಂಖ್ಯೆಯಲ್ಲಿ ಇಡಬೇಕು. ಇವನ್ನು ಕೆಲಸಗಾರರು ಚೇರ್ ಎಂದೇ ಕರೆಯುತ್ತಾರೆ. ಓಡಾಟಕ್ಕೆ ಪ್ರತ್ಯೇಕ ಹಲಗೆಗಳನ್ನು ಹಾಸಿರಬೇಕು. ಮುನ್ನಾದಿನ ಒಬ್ಬ ವ್ಯಕ್ತಿ ಬಾಲ್ಕನಿಯ ಕಂಬಿಯ ಮೇಲೆ ನಿಂತರೆ ಅದು ಬಾಗಿ ತಳ ಮುಟ್ಟುವುದೋ ಇಲ್ಲವೋ ನೋಡಿದರೆ ಪರೀಕ್ಷೆ ಮುಗಿಯಿತು. ಮುಂಬಯಿ ಪುಣೆಗಳ ಕಟ್ಟಡಗಳಲ್ಲಿ ದುಡಿಯುವವರಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರಗಳ ಕಡೆಯಿಂದ ಬಂದವರು ಬಹಳ ಮಂದಿ. ನಕ್ಷೆಯ ಇಂಗ್ಲಿಷಾಗಲಿ ಮುಕಾದಮನ ಹಿಂದಿಯಾಗಲಿ ಮುಟ್ಟದ ಕಡೆ, ‘ಕಂಬಿ ಮ್ಯಾಲ ಕಾಲ ಇಡಬ್ಯಾಡ್ರಪಾ, ಹಲಗಿ ಮ್ಯಾಲ ನಡೀರಿ’ ಎಂಬ ಒಂದು ಮಾತು ಮುಟ್ಟುತ್ತದೆ. ಯಾಕೆ ಹಾಗೆ ಎಂದು ಎರಡು ನಿಮಿಷ ತಿಳಿಸಿ ಹೇಳಿದರೆ ಇನ್ನೂ ಚೆನ್ನು. ಆ ಕೈಗಳಿಗೆ ಕೆಲಸ ಗೊತ್ತು, ಕಾರಣವನ್ನು ಯಾರೂ ಹೇಳಿರುವುದಿಲ್ಲ.

ಉಳಿದಂತೆ ಕಂಬಿಯ ವಿಷಯದಲ್ಲಿ ನೋಡಬೇಕಾದ್ದು ಹೆಚ್ಚಿಲ್ಲ. ನಕ್ಷೆಯ ಕೊನೆಯ ತಿದ್ದುಪಡಿಯ ಪ್ರತಿ ಕೈಯಲ್ಲಿರಬೇಕು. ಹಳೆಯ ಪ್ರತಿಯಂತೆ ಕಟ್ಟಿದ ಕಂಬಿ ಎಷ್ಟು ಅಂದವಾಗಿದ್ದರೂ ವ್ಯರ್ಥ. ಕಂಬಿಯಿಂದ ಕಂಬಿಗೆ ಇರುವ ಅಂತರವನ್ನು ಒಂದೆಡೆಯಲ್ಲ, ನಾಲ್ಕೈದು ಕಡೆ ಅಳೆಯಬೇಕು. ದಪ್ಪದ ಬಗ್ಗೆ ಸಂಶಯವಿದ್ದರೆ ಒಂದು ಮೀಟರು ಕತ್ತರಿಸಿ ತಕ್ಕಡಿಯಲ್ಲಿಡಬಹುದು: 8 ಮಿ.ಮೀ. ಕಂಬಿ 395 ಗ್ರಾಂ, 10 ಮಿ.ಮೀ. ಕಂಬಿ 617 ಗ್ರಾಂ, 12 ಮಿ.ಮೀ. ಕಂಬಿ 888 ಗ್ರಾಂ ತೂಗುತ್ತದೆ. ಶೇಕಡಾ ಹತ್ತರಷ್ಟು ಕಡಿಮೆ ಬಂದರೆ ಪ್ರಶ್ನಿಸತಕ್ಕದ್ದು. ಮೇಲೆ ತೆಳುವಾಗಿ ಕೆಂಪಾದ ಕಂಬಿಯಿಂದ ಬಾಧಕವಿಲ್ಲ. ಬೆರಳಿನಿಂದ ಉಜ್ಜಿದರೆ ಚಕ್ಕೆ ಏಳುವ ಕಂಬಿ ಬೇಡ. ಸೆಂಟ್ರಿಂಗಿಗೆ ಹಚ್ಚುವ ಎಣ್ಣೆ ಕಂಬಿಗೆ ತಗಲಿದ್ದರೆ ಒರೆಸಿ ತೆಗೆಯಬೇಕು, ಎಣ್ಣೆ ಹತ್ತಿದ ಕಂಬಿಯನ್ನು ಕಾಂಕ್ರೀಟು ಹಿಡಿಯುವುದಿಲ್ಲ.

ಇನ್ನು ಕೆಳಗಿಳಿದು ಸೆಂಟ್ರಿಂಗನ್ನು ನೋಡೋಣ. ಹಸಿ ಕಾಂಕ್ರೀಟಿಗೆ ಸ್ವಂತ ಬಲವೆಂಬುದೇ ಇಲ್ಲ. ಅದು ಬರೀ ಭಾರ. ಕಂಬಿ ಸೇರಿದ ಒಂದು ಘನ ಮೀಟರು ಕಾಂಕ್ರೀಟು ಸುಮಾರು 2,500 ಕಿ.ಗ್ರಾಂ. ತೂಗುತ್ತದೆ. ಹತ್ತಡಿಗೆ ಹತ್ತಡಿಯ ಒಂದು ಸಣ್ಣ ಕೋಣೆಯ 125 ಮಿ.ಮೀ. ದಪ್ಪದ ಚಾವಣಿ ಎಂದರೆ ಸುಮಾರು 2,900 ಕಿ.ಗ್ರಾಂ.; ಸಾವಿರ ಚದರಡಿಯ ಮನೆಯ ಚಾವಣಿ 29 ಟನ್ನು. ಅದರ ಮೇಲೆ ಇಪ್ಪತ್ತು ಮೂವತ್ತು ಜನರ ಓಡಾಟ, ಪಂಪಿನ ಕೊಳವೆಯ ಕುಲುಕಾಟ, ಒಂದೇ ಕಡೆ ಗುಡ್ಡೆ ಬಿದ್ದ ಕಾಂಕ್ರೀಟು. ಇಷ್ಟನ್ನೂ ಹೊರುವುದು ಕೆಳಗೆ ನಿಲ್ಲಿಸಿದ ಆಧಾರಗಂಬಗಳು. ಅವು ನೆಟ್ಟಗಿರಬೇಕು, ಒಂದಕ್ಕೊಂದು ಅಡ್ಡ ಮತ್ತು ಓರೆ ಪಟ್ಟಿಗಳಿಂದ ಬಿಗಿಯಲ್ಪಟ್ಟಿರಬೇಕು, ಬುಡ ಗಟ್ಟಿ ನೆಲದ ಮೇಲೋ ಅಗಲವಾದ ಹಲಗೆಯ ಮೇಲೋ ಇರಬೇಕು. ಎತ್ತರ ಸಾಲದೆಂದು ನಾಲ್ಕು ಇಟ್ಟಿಗೆ ಪೇರಿಸಿ ಅದರ ಮೇಲೆ ಕಂಬ ನಿಲ್ಲಿಸಿರುವುದನ್ನು ನಗರದ ಯಾವ ಓಣಿಯಲ್ಲೂ ಕಾಣಬಹುದು. ಹೊಸದಾಗಿ ತುಂಬಿದ ಮಣ್ಣಿನ ಮೇಲೆ ನಿಂತ ಕಂಬವಂತೂ ಹಿಂದಿನ ರಾತ್ರಿ ಒಂದು ಮಳೆ ಬಂದರೆ ಬೆಳಗಾಗುವಷ್ಟರಲ್ಲಿ ಸಡಿಲವಾಗಿರುತ್ತದೆ. ಪ್ರತಿ ಕಂಬವನ್ನೂ ಕೈಯಿಂದ ಅಲುಗಿಸಿ ನೋಡುವುದಕ್ಕಿಂತ ಉತ್ತಮ ಪರೀಕ್ಷೆ ಮತ್ತೊಂದಿಲ್ಲ. ಸೆಂಟ್ರಿಂಗು ಕುಸಿದರೆ ನಷ್ಟ ಹಣದ್ದಷ್ಟೇ ಅಲ್ಲ. ಮೇಲಿರುವ ಕೂಲಿಯವರು ಕಾಂಕ್ರೀಟಿನೊಡನೆ ಕೆಳಗೆ ಬೀಳುತ್ತಾರೆ. ಸುರಿಯುವ ಹೊತ್ತಿನಲ್ಲಿ ಅನುಭವಸ್ಥ ಬಡಗಿಯೊಬ್ಬ ಸುರಕ್ಷಿತ ಜಾಗದಲ್ಲಿ ನಿಂತು ಕೆಳಗಿನಿಂದ ಕಂಬಗಳನ್ನು ಗಮನಿಸುತ್ತಿರಬೇಕು, ಅವನು ಕೂಗಿದೊಡನೆ ಪಂಪು ನಿಲ್ಲಬೇಕು. ಬೇರೆ ಯಾರೂ ಆ ಚಾವಣಿಯ ಕೆಳಗೆ ಇರಕೂಡದು. ಕೂಲಿಯವರ ಮಕ್ಕಳು ನೆರಳೆಂದು ಅಲ್ಲಿಯೇ ಮಲಗಿರುತ್ತಾರೆ, ಅದನ್ನು ಮೊದಲು ನೋಡಬೇಕು.

ವಿದ್ಯುತ್ತಿನ ಕೊಳವೆಗಳು ಕೆಳಗಿನ ಮತ್ತು ಮೇಲಿನ ಕಂಬಿಗಳ ನಡುವೆ ಹಾಯಬೇಕು, ಒಂದೇ ಕಡೆ ಹೊರೆ ಕಟ್ಟಿದಂತೆ ಗುಂಪಾಗಬಾರದು. ಬಚ್ಚಲಿನ ನೀರಿನ ಕೊಳವೆ ಹಾಯುವ ತೂತುಗಳನ್ನು ಮೊದಲೇ ಬಿಟ್ಟಿರಬೇಕು. ಮರೆತರೆ ಆಮೇಲೆ ಕೊಳಾಯಿ ಕೆಲಸದವನು ಸುತ್ತಿಗೆ ಹಿಡಿದು ಬಂದು ಕಂಬಿಯನ್ನೂ ಕತ್ತರಿಸಿಯಾನು, ಕೆಳಗಿನ ಮನೆಯವರಿಗೆ ಸೋರಿಕೆಯ ಶಾಶ್ವತ ಉಡುಗೊರೆಯನ್ನೂ ಕೊಟ್ಟಾನು. ಹಲಗೆಯ ಸಂದುಗಳನ್ನು ಮುಚ್ಚದಿದ್ದರೆ ಸಿಮೆಂಟಿನ ಹಾಲು ಸೋರಿಹೋಗಿ ಜೇನುಗೂಡಿನಂತೆ ಬರೀ ಜಲ್ಲಿ ಉಳಿಯುತ್ತದೆ. ಕೊನೆಯದಾಗಿ, ತೊಲೆಯ ತಳದಲ್ಲಿ ಸೇರಿದ ಮರದ ಹೊಟ್ಟು, ತಂತಿಯ ತುಂಡು, ಗುಟಕಾ ಚೀಟಿ, ಚಹಾದ ಲೋಟ ಎಲ್ಲವನ್ನೂ ಆರಿಸಿ ತೊಳೆಯಬೇಕು.

ಕಾಂಕ್ರೀಟಿನ ವಿಚಾರಕ್ಕೆ ಬಂದರೆ, ಅದರ ಹಳೆಯ ಶತ್ರು ನೀರು. ಅಮೆರಿಕದ ಡಫ್ ಅಬ್ರಾಮ್ಸ್ ಎಂಬ ಸಂಶೋಧಕರು 1918ರಲ್ಲಿಯೇ ಪ್ರಯೋಗಗಳಿಂದ ಸ್ಥಾಪಿಸಿದ ನಿಯಮದಂತೆ, ಸಿಮೆಂಟಿಗೆ ನೀರಿನ ಪ್ರಮಾಣ ಹೆಚ್ಚಿದಂತೆಲ್ಲ ಕಾಂಕ್ರೀಟಿನ ಬಲ ಕುಗ್ಗುತ್ತದೆ. 50 ಕಿ.ಗ್ರಾಂ. ಚೀಲಕ್ಕೆ 25 ಲೀಟರು ನೀರು ಎಂದರೆ ಪ್ರಮಾಣ 0.50. ಮರಳಿನಲ್ಲಿ ಅಡಗಿದ ತೇವವೂ ಈ ಲೆಕ್ಕಕ್ಕೆ ಸೇರಿತು. ಹರಡಲು ಸುಲಭವಾಗಲೆಂದು ಮೇಸ್ತ್ರಿ ಇನ್ನೊಂದು 10 ಲೀಟರಿನ ಬಕೆಟ್ಟನ್ನು ಸುರಿದರೆ ಅದು 0.70ಕ್ಕೇರಿ, ಬಲದಲ್ಲಿ ಸುಮಾರು ಮೂರನೆಯ ಒಂದು ಪಾಲು ಹೋಗುತ್ತದೆ. ಹೆಚ್ಚಿನ ನೀರು ಆರಿದ ಮೇಲೆ ಉಳಿಯುವ ಸೂಕ್ಷ್ಮರಂಧ್ರಗಳ ಮೂಲಕವೇ ಮೇಲೆ ಹೇಳಿದ ಉಪ್ಪೂ ಗಾಳಿಯೂ ಕಂಬಿಯನ್ನು ತಲಪುತ್ತವೆ. ಹಾಗಾಗಿ ಸಂಹಿತೆ ಮಧ್ಯಮ ದರ್ಜೆಗೆ ಎಂ 25 ಕಾಂಕ್ರೀಟನ್ನೂ 0.50ಕ್ಕೆ ಮೀರದ ನೀರನ್ನೂ, ತೀವ್ರ ದರ್ಜೆಗೆ ಎಂ 30 ಹಾಗೂ 0.45ನ್ನೂ ಮಿತಿಯಾಗಿ ಇಟ್ಟಿತು.

ಈಗ ಮಹಾನಗರಗಳಲ್ಲಿ ಕಾಂಕ್ರೀಟು ಬಹುಪಾಲು ಕಾರ್ಖಾನೆಯಲ್ಲಿ ಬೆರೆತು, ತಿರುಗುವ ಡ್ರಮ್ಮಿನ ಲಾರಿಯಲ್ಲಿ ಬರುತ್ತದೆ. ಕಲಬೆರಕೆಯ ಭಯ ಇದರಿಂದ ಕಡಿಮೆಯಾಯಿತು, ದಾರಿಯ ವಾಹನಸಂದಣಿಯ ಭಯ ಹೆಚ್ಚಿತು. ನೀರು ಬೆರೆತ ಹೊತ್ತಿನಿಂದ ಸಾಮಾನ್ಯವಾಗಿ 2 ಗಂಟೆಯೊಳಗೆ ಅದು ಲಾರಿಯಿಂದ ಇಳಿಯಬೇಕು. ಚಲನ್‌ ಚೀಟಿಯಲ್ಲಿ ಬೆರೆಸಿದ ವೇಳೆ, ದರ್ಜೆ ಎರಡೂ ಬರೆದಿರುತ್ತವೆ; ಓದುವವರಿರಬೇಕು ಅಷ್ಟೆ. ತಡವಾಗಿ ಬಂದು ಗಟ್ಟಿಯಾಗತೊಡಗಿದ ಕಾಂಕ್ರೀಟಿಗೆ ಚಾಲಕ ಪೈಪು ಹಿಡಿದು ನೀರು ಬಿಡುವುದೇ ಈ ಕಾಲದ ದೊಡ್ಡ ಅಪರಾಧ. ಅದನ್ನು ಪತ್ತೆಹಚ್ಚುವ ಸಾಧನ ಒಂದಡಿ ಎತ್ತರದ ಒಂದು ತಗಡಿನ ಶಂಕು. ಅದರಲ್ಲಿ ಕಾಂಕ್ರೀಟನ್ನು ಪದರಪದರವಾಗಿ ತುಂಬಿ, ಪ್ರತಿ ಪದರಕ್ಕೂ ಸರಳಿನಿಂದ 25 ಬಾರಿ ಕುಟ್ಟಿ, ಶಂಕುವನ್ನು ಮೇಲೆತ್ತಿದಾಗ ರಾಶಿ ಎಷ್ಟು ಕುಗ್ಗಿತೆಂದು ಅಳೆಯುತ್ತಾರೆ. ಇದೇ ಸ್ಲಂಪ್ ಪರೀಕ್ಷೆ. ಎಷ್ಟು ಕುಗ್ಗಬೇಕೆಂಬುದನ್ನು ಮೊದಲೇ ನಿಶ್ಚಯಿಸಿ ಬರೆದಿಟ್ಟಿರಬೇಕು. ಲಾರಿ ಬಂದು ನಿಂತ ಮೇಲೆ ನಡೆಯುವ ಚರ್ಚೆಯಲ್ಲಿ ಯಾವಾಗಲೂ ಲಾರಿಯೇ ಗೆಲ್ಲುತ್ತದೆ.

ಊರಿನಲ್ಲಿ ಸ್ಥಳದಲ್ಲಿಯೇ ಕಲಸುವುದಾದರೆ ಮರಳನ್ನೂ ನೀರನ್ನೂ ಮೊದಲು ನೋಡಬೇಕು. ಗಾಜಿನ ಸೀಸೆಯಲ್ಲಿ ಅರ್ಧದಷ್ಟು ಮರಳು, ಮೇಲೆ ನೀರು ಹಾಕಿ ಚೆನ್ನಾಗಿ ಕುಲುಕಿ ಮೂರು ಗಂಟೆ ಬಿಟ್ಟರೆ, ಮರಳಿನ ಮೇಲೆ ಮಣ್ಣಿನ ಪದರ ಕೂರುತ್ತದೆ. ಅದು ಶೇಕಡಾ 8ನ್ನು ಮೀರಿದರೆ ತೊಳೆಯಬೇಕು, ಇಲ್ಲವೆ ಹಿಂದಕ್ಕೆ ಕಳುಹಿಸಬೇಕು. ಖಾರಿಯಿಂದ ತೆಗೆದ ಮರಳು ಮತ್ತು ಕಡಲಂಚಿನ ಕೊಳವೆಬಾವಿಯ ನೀರು ಉಪ್ಪನ್ನು ಕಾಂಕ್ರೀಟಿನ ಒಳಗೇ ತಂದಿಡುತ್ತವೆ. ಆಗ ಹೊದಿಕೆ ಎಷ್ಟಿದ್ದರೇನು, ಕಳ್ಳ ಮನೆಯೊಳಗೇ ಇದ್ದಾನೆ. ಕಂಬಿಯಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡು ಇರಬಾರದೆಂದು ಸಂಹಿತೆ ಹೇಳುತ್ತದೆ. ನಾಲಗೆಗೆ ಉಪ್ಪೆನಿಸುವ ನೀರು ಖಂಡಿತ ಸಲ್ಲದು. ಉಪ್ಪೆನಿಸದ ನೀರೆಲ್ಲ ಸಲ್ಲುವುದೆಂದೂ ಇಲ್ಲ, ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

2021ರ ಮೇ ತಿಂಗಳಲ್ಲಿ ಉಲ್ಲಾಸನಗರದಲ್ಲಿ ಎರಡು ವಾರಗಳ ಅಂತರದಲ್ಲಿ ಎರಡು ವಸತಿ ಕಟ್ಟಡಗಳ ಸ್ಲ್ಯಾಬುಗಳು ಕುಸಿದು, ಕೆಳಗಿನ ಮನೆಗಳಲ್ಲಿದ್ದವರು ಪ್ರಾಣ ಕಳೆದುಕೊಂಡರು. ಇಂಥ ಸುದ್ದಿ ಬಂದಾಗಲೆಲ್ಲ ಇರುವ ಕಟ್ಟಡಗಳ ತಪಾಸಣೆ ನಡೆಯುತ್ತದೆ, ನಡೆಯಲೂ ಬೇಕು. ಕಟ್ಟುತ್ತಿರುವ ಕಟ್ಟಡದ ತಪಾಸಣೆಗೆ ಅಷ್ಟು ಉತ್ಸಾಹ ಕಾಣುವುದಿಲ್ಲ. ಇದಕ್ಕೆ ಅಜ್ಞಾನವೊಂದೇ ಕಾರಣವಲ್ಲ. ಸುರಿಯುವ ಮುಂಜಾನೆ ಕೂಲಿಯವರಿಗೆ ಮುಂಗಡ ಕೊಟ್ಟಾಗಿರುತ್ತದೆ. ಪಂಪಿನ ಬಾಡಿಗೆ ಓಡುತ್ತಿರುತ್ತದೆ. ಮೊದಲ ಲಾರಿ ಕಾರ್ಖಾನೆ ಬಿಟ್ಟಿರುತ್ತದೆ. ಪುರೋಹಿತರು ಹೇಳಿದ ಮುಹೂರ್ತ ಮೀರುತ್ತಿರುತ್ತದೆ. ಆಗ ಎಳೆಯ ವಯಸ್ಸಿನ ಎಂಜಿನಿಯರೊಬ್ಬ ಬಾಲ್ಕನಿಯ ಕಂಬಿ ಕುಸಿದಿದೆ ಎಂದರೆ, ‘ಇನ್ನು ಅರ್ಧ ಗಂಟೆಯಲ್ಲಿ ಸರಿ ಮಾಡೋಣ’ ಎಂಬ ಉತ್ತರ ಸಿಗುತ್ತದೆ. ಅರ್ಧ ಗಂಟೆಯಲ್ಲಿ ಕಾಂಕ್ರೀಟು ಅಲ್ಲಿಗೆ ತಲಪಿರುತ್ತದೆ. ಇದಕ್ಕಾಗಿಯೇ ಒಳ್ಳೆಯ ಕೆಲಸಗಳಲ್ಲಿ ಪೋರ್ ಕಾರ್ಡ್ ಎಂಬ ಒಂದು ಹಾಳೆಯಿರುತ್ತದೆ. ಸೆಂಟ್ರಿಂಗು, ಕಂಬಿ, ಹೊದಿಕೆ, ಕೊಳವೆ, ಶುಚಿತ್ವ ಒಂದೊಂದಕ್ಕೂ ಗುತ್ತಿಗೆದಾರರ ಕಡೆಯವರೂ ಕಟ್ಟಡದ ಬಲದ ಲೆಕ್ಕ ಹಾಕಿದ ಸಲಹೆಗಾರರ ಕಡೆಯವರೂ ರುಜು ಹಾಕುವವರೆಗೆ ಲಾರಿಗೆ ಹೊರಡಲು ಹೇಳುವಂತಿಲ್ಲ. ಅನೇಕ ಕಡೆ ಈ ಹಾಳೆಯನ್ನು ಸ್ಲ್ಯಾಬು ಹಾಕಿದ ಮೇಲೆ, ತಿಂಗಳ ಬಿಲ್ಲಿನ ಜೊತೆಗೆ, ಒಟ್ಟಿಗೆ ತುಂಬಲಾಗುತ್ತದೆ. ಸಮಿತಿಯವರು ಒಪ್ಪಂದದಲ್ಲಿಯೇ ಒಂದು ಸಾಲು ಬರೆಸಿಕೊಳ್ಳಬಹುದು: ಹಾಳೆಗೆ ಮುನ್ನಾದಿನ ಸಂಜೆಯೇ ರುಜು ಬೀಳಬೇಕು, ಅದರ ಪ್ರತಿ ಅಂದೇ ಸಂಘಕ್ಕೆ ತಲಪಬೇಕು. ಕಂಬಿಯ ಬಗ್ಗೆ ಏನೂ ತಿಳಿಯದ ನಿವೃತ್ತ ಗುಮಾಸ್ತರಿಗೂ ತಾರೀಖು ನೋಡಲು ಬರುತ್ತದೆ.

ಸಂಜೆಯ ಕೆಲಸ ಇನ್ನು ಸ್ವಲ್ಪವೇ ಉಳಿಯುತ್ತದೆ. ವೈಬ್ರೇಟರ್ ಎರಡಿರಬೇಕು, ಒಂದು ವಿದ್ಯುತ್ತಿಲ್ಲದೆ ನಡೆಯುವಂಥದ್ದು. ಮಳೆ ಬಂದರೆ ಹೊದಿಸಲು ತಾಡಪಾಲು ಮೇಲೇ ಇರಬೇಕು. ಲಾರಿ ನಿಂತುಹೋದರೆ ಕಾಂಕ್ರೀಟನ್ನು ಎಲ್ಲಿ ನಿಲ್ಲಿಸುವುದೆಂದು ನಕ್ಷೆಯ ಮೇಲೆ ಗೆರೆ ಎಳೆದಿರಬೇಕು, ಸಿಕ್ಕಿದಲ್ಲಿ ನಿಲ್ಲಿಸಕೂಡದು. 150 ಮಿ.ಮೀ. ಘನಾಕೃತಿಯ ಅಚ್ಚುಗಳು ಶುಚಿಯಾಗಿ ಸಿದ್ಧವಿರಬೇಕು. ಅವುಗಳಲ್ಲಿ ತುಂಬಿದ ಮಾದರಿಗಳನ್ನು 28 ದಿನಗಳ ಮೇಲೆ ಯಂತ್ರದಲ್ಲಿ ಒಡೆದು ಬಲವನ್ನು ನೋಡುತ್ತಾರೆ. ಚಾವಣಿಯ ಕಾಂಕ್ರೀಟಿನ ಪ್ರಮಾಣ 16ರಿಂದ 30 ಘನ ಮೀಟರಾದರೆ ಮೂರು ಬಾರಿ ಮಾದರಿ ತೆಗೆಯಬೇಕು, ಪ್ರತಿ ಬಾರಿಗೂ ಮೂರು ಅಚ್ಚು. ಮಾದರಿಯನ್ನು ತುಂಬುವುದು ಚಾವಣಿಗೆ ಹೋಗುವ ಕಾಂಕ್ರೀಟಿನಿಂದಲೇ ಹೊರತು, ಮೂಲೆಯಲ್ಲಿ ಬೇರೆಯಾಗಿ ಸಿಮೆಂಟು ಹೆಚ್ಚಿಸಿ ಕಲಸಿದ್ದರಿಂದ ಅಲ್ಲ ಎಂಬುದನ್ನು ಕಣ್ಣಾರೆ ನೋಡಬೇಕು.

ಮತ್ತೊಂದು ಸಣ್ಣ ಕೆಲಸ. ಸಂಹಿತೆಯಂತೆ, ಸಾಮಾನ್ಯ ಸಿಮೆಂಟಿನ ಚಾವಣಿಯಲ್ಲಿ ಆಧಾರದಿಂದ ಆಧಾರಕ್ಕೆ 4.5 ಮೀಟರಿನವರೆಗಿನ ಅಗಲವಿದ್ದರೆ ಕಂಬಗಳನ್ನು 7 ದಿನ, ಅದಕ್ಕೂ ಹೆಚ್ಚಿದ್ದರೆ 14 ದಿನ ತೆಗೆಯುವಂತಿಲ್ಲ. ತೊಲೆಗಳ ಕೆಳಗಿನವನ್ನು 14ರಿಂದ 21 ದಿನ. ಮಿಶ್ರ ಸಿಮೆಂಟಾದರೆ ಇನ್ನೂ ಕಾಯಬೇಕಾದೀತು. ನೀರುಣಿಸುವುದು ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ 10 ದಿನ, ಬಿಸಿಲುಗಾಲದಲ್ಲಿ ಅದಕ್ಕೂ ಹೆಚ್ಚು. ಇವೆಲ್ಲ ಕಾಗದದಲ್ಲಿ ಇರುತ್ತವೆ. ಆದರೆ ಕಂಬ ಬಿಚ್ಚಲು ಬರುವ ತಂಡ ಬೇರೆ, ಅವರಿಗೆ ಮುಂದಿನ ಕಟ್ಟಡಕ್ಕೆ ಆ ಸಾಮಾನು ಬೇಕಾಗಿರುತ್ತದೆ. ಆದುದರಿಂದ ಕಾಂಕ್ರೀಟು ಸುರಿಯುವ ಮೊದಲೇ ಕೆಳಮಹಡಿಯ ಕಂಬದ ಮೇಲೆ ಕೆಂಪು ಬಣ್ಣದಲ್ಲಿ ಎರಡು ತಾರೀಖುಗಳನ್ನು ದೊಡ್ಡದಾಗಿ ಬರೆಸಬೇಕು: ಸುರಿದ ದಿನ, ಆಧಾರ ತೆಗೆಯಬಹುದಾದ ದಿನ. ಹಿಂದಿಯಲ್ಲಿ, ಮರಾಠಿಯಲ್ಲಿ, ಬಂದವರಲ್ಲಿ ಕನ್ನಡಿಗರಿದ್ದರೆ ಕನ್ನಡದಲ್ಲಿಯೂ.